ಕೆಲಸ ಕಲಿಸಿದವನ ಹಕ್ಕು ಎಷ್ಟು?

ಮಂಡ್ಯ, ಮದ್ದೂರು, ಮಳವಳ್ಳಿ – ಈ ಮೂರು ಊರುಗಳ ಯಾವ ಗ್ಯಾರೇಜಿಗೆ ಹೋದರೂ ಮಾಲಿಕರಿಂದ ಹೆಚ್ಚು ಕಡಿಮೆ ಒಂದೇ ದೂರು ಕೇಳಿಬರುತ್ತದೆ. “ಹುಡುಗರು ನಿಲ್ಲೋದಿಲ್ಲ ಹಜ್ರತ್. ಪಾನಾ ಹಿಡಿಯೋಕೆ ಬರದೋರಿಗೆ ಇಂಜಿನ್ ಬಿಚ್ಚೋದು ಕಲಿಸ್ತೀವಿ. ಕೈ ಕುದುರಿದ ಮೇಲೆ ಪಕ್ಕದೋನು ಐವತ್ತು ರೂಪಾಯಿ ಜಾಸ್ತಿ ಅಂದ ಅಂತ ಹೊರಟೇ ಬಿಡ್ತಾರೆ.” ಅದೇ ಗ್ಯಾರೇಜಿನ ಹುಡುಗನನ್ನು ಬೇರೆ ಕಡೆ ಕೂರಿಸಿ ಕೇಳಿದರೆ ಅವನ ದೂರು ಇನ್ನೊಂದು. “ಏಳು ವರ್ಷ ಆಯ್ತು. ಅಂಗಡಿಗೆ ಬರೋ ಗಿರಾಕಿ ನನ್ನ ಹೆಸರು ಹೇಳ್ಕೊಂಡು ಬರ್ತಾನೆ. ಬಟವಾಡೆ ದಿನ ಮಾತ್ರ ನಾನು ಮಾಲಿಕರ ಮುಖ ನೋಡ್ತಾ ನಿಲ್ಲಬೇಕು.”

ಈ ಎರಡು ದೂರುಗಳಲ್ಲಿಯೂ ಸತ್ಯವಿದೆ. ಇದನ್ನು ಬರಿಯ ವ್ಯಾಪಾರದ ಜಗಳವೆಂದು ಬಿಟ್ಟುಬಿಡುವಂತಿಲ್ಲ. ಇದರ ಹಿಂದೆ ಒಂದು ನೈತಿಕ ಪ್ರಶ್ನೆಯಿದೆ. ಒಬ್ಬನಿಗೆ ಕಸುಬು ಕಲಿಸಿದವನಿಗೆ ಆತನ ಮೇಲೆ ಎಷ್ಟು ಹಕ್ಕಿದೆ? ಕಲಿತವನು ಎಷ್ಟು ಕಾಲ ಋಣಿಯಾಗಿರಬೇಕು? ಒಳ್ಳೆಯ ಕೆಲಸಗಾರನನ್ನು ಉಳಿಸಿಕೊಳ್ಳಲು ಯಾವ ಮಾರ್ಗ ಹಲಾಲ್, ಯಾವುದು ಅಕ್ರಮ?

“ಪಾನಾ, ಗ್ರೀಸಿಗೂ ದೀನಿಗೂ ಏನು ಸಂಬಂಧ?” ಎಂದು ಕೆಲವರು ಕೇಳಬಹುದು. ಪವಿತ್ರ ಕುರ್‌ಆನ್ ಪ್ರವಾದಿ ದಾವೂದ್(ಅ)ರ ಕುರಿತು ಹೇಳುವಾಗ, ಅಲ್ಲಾಹನು ಅವರಿಗೆ ಕಬ್ಬಿಣವನ್ನು ಮೆದುಗೊಳಿಸಿಕೊಟ್ಟನೆಂದೂ ಕವಚದ ಕೊಂಡಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸುವಂತೆ ಆದೇಶಿಸಿದನೆಂದೂ ತಿಳಿಸುತ್ತದೆ. ಅದರ ಬೆನ್ನಿಗೇ ಸತ್ಕರ್ಮವೆಸಗುವ ಆದೇಶ ಬರುತ್ತದೆ. ಕಬ್ಬಿಣದ ಕೆಲಸದ ಅಳತೆಯೂ ಸತ್ಕರ್ಮವೂ ಒಂದೇ ಉಸಿರಿನಲ್ಲಿ ಬಂದಿರುವುದನ್ನು ಗಮನಿಸಿರಿ. ನಮ್ಮ ಎಷ್ಟೋ ಮನೆಗಳ ಒಲೆ ಉರಿಯುವುದೇ ಈ ಕಬ್ಬಿಣದ ಕೆಲಸದಿಂದ. ಹಾಗಿರುವಾಗ ಆ ಕೆಲಸದ ಸ್ಥಳದಲ್ಲಿನ ನ್ಯಾಯ, ಅನ್ಯಾಯಗಳು ದೀನಿನ ಹೊರಗಿನ ವಿಷಯಗಳಾಗಲು ಹೇಗೆ ಸಾಧ್ಯ?

ಕಸುಬಿನ ಇಂದಿನ ಸ್ಥಿತಿ

ಮಂಡ್ಯದ ಸಕ್ಕರೆ ಕಾರ್ಖಾನೆ 1933ರಲ್ಲಿ ಸ್ಥಾಪನೆಯಾಯಿತು. ನಾಲೆಯ ನೀರು, ಕಬ್ಬು, ಆಲೆಮನೆಗಳ ಜೊತೆಗೆ ಲಾರಿ, ಟ್ರ್ಯಾಕ್ಟರುಗಳು ಬಂದವು. ಅವುಗಳ ಹಿಂದೆಯೇ ರಿಪೇರಿಯ ಕಸುಬೂ ಬೆಳೆಯಿತು. ಪಕ್ಕದ ಮೈಸೂರಿನಲ್ಲಿ 1960ರಿಂದ ಜಾವಾ, ಅನಂತರ ಯೆಜ್ಡಿ ಬೈಕುಗಳು ತಯಾರಾದವು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆ ಕಾಲದ ಮೆಕ್ಯಾನಿಕ್‌ಗೆ ಕಿವಿಯೇ ಯಂತ್ರ. ಇಂಜಿನಿನ ಸದ್ದು ಕೇಳಿ ರೋಗ ಹೇಳುತ್ತಿದ್ದರು, ಸ್ಕ್ರೂ ಡ್ರೈವರಿನ ಅರ್ಧ ಸುತ್ತಿನಲ್ಲಿ ಕಾರ್ಬ್ಯುರೇಟರ್ ಟ್ಯೂನ್ ಮಾಡುತ್ತಿದ್ದರು.

2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಜಾರಿಗೆ ಬಂದ ಮೇಲೆ ಹೊಸ ಬೈಕುಗಳಲ್ಲಿ ಬಹುಪಾಲು ಕಾರ್ಬ್ಯುರೇಟರಿನ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಸೆನ್ಸರುಗಳು ಬಂದಿವೆ. ದೋಷ ಕಂಡುಹಿಡಿಯಲು ಸ್ಕ್ಯಾನರ್ ಬೇಕು, ಅದನ್ನು ಓದಬಲ್ಲ ತಲೆಯೂ ಬೇಕು. ಇನ್ನೊಂದೆಡೆ, 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಮದ್ದೂರು, ಮಂಡ್ಯ ಪಟ್ಟಣಗಳನ್ನು ಬಳಸಿಕೊಂಡು ಹೋಗುತ್ತದೆ. ಮೊದಲು ಊರೊಳಗೆ ನಿಂತು ಗಾಳಿ ಹಿಡಿಸಿಕೊಂಡು, ಬೆಲ್ಟ್ ಬದಲಿಸಿಕೊಂಡು ಹೋಗುತ್ತಿದ್ದ ದೂರದ ವಾಹನಗಳು ಈಗ ಹೊರಗಿನಿಂದಲೇ ಸಾಗುತ್ತವೆ. ಹಳೆಯ ರಸ್ತೆಯ ಬದಿಯ ಗ್ಯಾರೇಜಿಗೆ ಉಳಿದಿರುವುದು ಊರಿನ ಗಿರಾಕಿ. ಊರಿನ ಗಿರಾಕಿ ಬೋರ್ಡು ನೋಡಿ ಬರುವುದಿಲ್ಲ, ಕೈ ನೋಡಿ ಬರುತ್ತಾನೆ. ಆದುದರಿಂದ ಒಳ್ಳೆಯ ಮೆಕ್ಯಾನಿಕ್ ಹೊರಟುಹೋದರೆ ಮಾಲಿಕನಿಗೆ ಆಗುವ ನಷ್ಟ ಸಣ್ಣದಲ್ಲ. ಅವನ ಭಯ ನಿಜವಾದದ್ದೇ. ಆದರೆ ಭಯ ನಿಜವಾದ ಮಾತ್ರಕ್ಕೆ ಆ ಭಯದಿಂದ ಮಾಡುವುದೆಲ್ಲವೂ ನ್ಯಾಯವಾಗುವುದಿಲ್ಲ.

ಕಟ್ಟಿಹಾಕುವ ಮೂರು ಹಗ್ಗಗಳು

ಕೆಲಸಗಾರನನ್ನು ಬಿಟ್ಟುಹೋಗದಂತೆ ಹಿಡಿದಿಡಲು ಸಾಮಾನ್ಯವಾಗಿ ಮೂರು ಹಗ್ಗಗಳು ಬಳಕೆಯಲ್ಲಿವೆ.

ಮೊದಲನೆಯದು ಅಡ್ವಾನ್ಸ್. ತಂಗಿಯ ಮದುವೆಗೆ, ತಾಯಿಯ ಆಪರೇಷನ್ನಿಗೆ ಮಾಲಿಕ ಹಣ ಕೊಡುತ್ತಾನೆ. ಕಷ್ಟದಲ್ಲಿ ಸಾಲ ಕೊಡುವುದು ಪುಣ್ಯದ ಕೆಲಸ, ಅದರಲ್ಲಿ ಸಂಶಯವಿಲ್ಲ. ಆದರೆ ಉದ್ದೇಶವನ್ನು ಪರೀಕ್ಷಿಸಿಕೊಳ್ಳಬೇಕು. ಉದಾಹರಣೆಗೆ, 40,000 ರೂಪಾಯಿ ಕೊಟ್ಟು ವಾರಕ್ಕೆ 500ರಂತೆ ಹಿಡಿದರೆ ತೀರಲು 80 ವಾರ ಬೇಕು. ಅದು ತೀರುವ ಮೊದಲೇ ಇನ್ನೊಂದು ಕಷ್ಟ ಬರುತ್ತದೆ, ಇನ್ನೊಂದು ಅಡ್ವಾನ್ಸ್ ಸೇರುತ್ತದೆ. “ಸಾಲ ತೀರಿಸಿ ಹೋಗು, ಅಲ್ಲಿಯವರೆಗೆ ಬೇರೆ ಕಡೆ ಕಾಲಿಡಬೇಡ, ಕೂಲಿ ಜಾಸ್ತಿ ಕೇಳಬೇಡ” ಎಂಬ ಷರತ್ತು ಸೇರಿಕೊಂಡರೆ ಅದು ಸಾಲವಾಗಿ ಉಳಿಯುವುದಿಲ್ಲ. ಸಾಲದ ಬದಲಿಗೆ ಮನುಷ್ಯನ ದುಡಿಮೆಯನ್ನೂ ಬೇರೆಡೆ ದುಡಿಯುವ ಸ್ವಾತಂತ್ರ್ಯವನ್ನೂ ಒತ್ತೆಯಿಟ್ಟುಕೊಳ್ಳುವುದನ್ನು ನಮ್ಮ ದೇಶದ 1976ರ ಕಾನೂನು ಜೀತವೆಂದು ಕರೆದು ನಿಷೇಧಿಸಿದೆ. ಜಮೀನ್ದಾರನ ಹೊಲದಲ್ಲಿ ಇದ್ದರೆ ಜೀತ, ನಮ್ಮ ಗ್ಯಾರೇಜಿನಲ್ಲಿ ಇದ್ದರೆ ಉಪಕಾರ – ಇದು ಎಂತಹ ನ್ಯಾಯ? ಸಾಲ ಮಾಡಿದವನು ಕಷ್ಟದಲ್ಲಿದ್ದರೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಬೇಕೆಂದು ಕುರ್‌ಆನ್ ಕಲಿಸಿದೆ. ಕೆಲಸ ಬಿಟ್ಟವನಿಗೂ ಆ ಕಾಲಾವಕಾಶದ ಹಕ್ಕಿದೆ. ಸಾಲ ಬೇರೆ, ನೌಕರಿ ಬೇರೆ. ಎರಡಕ್ಕೂ ಎರಡು ಲೆಕ್ಕ ಇರಲಿ.

ಎರಡನೆಯದು ವಿದ್ಯೆಯನ್ನು ಮುಚ್ಚಿಡುವುದು. ಇಂಜಿನ್ ಬಿಚ್ಚುವುದನ್ನು ಕಲಿಸಿ, ಕೂಡಿಸುವಾಗ ಹುಡುಗನನ್ನು ಟೀ ತರಲು ಕಳುಹಿಸುವವರಿದ್ದಾರೆ. ಸ್ಕ್ಯಾನರನ್ನು ಬೀರುವಿನಲ್ಲಿಟ್ಟು ಬೀಗ ಹಾಕುವವರಿದ್ದಾರೆ. ಪೂರ್ತಿ ಕಲಿತರೆ ಹೋಗುತ್ತಾನೆಂಬ ಭಯ. ಆದರೆ ಕಲಿಸುತ್ತೇನೆಂದು ಹೇಳಿ, ಆ ಮಾತಿನ ಮೇಲೆ ಕಡಿಮೆ ಕೂಲಿಗೆ ದುಡಿಸಿಕೊಂಡು, ಕೊನೆಗೆ ಅರ್ಧ ಮಾತ್ರ ಕಲಿಸುವುದು ಅಳತೆಯಲ್ಲಿ ಮಾಡುವ ಮೋಸವಲ್ಲದೆ ಇನ್ನೇನು? ತನಗೆ ಬರಬೇಕಾದುದನ್ನು ಪೂರ್ತಿ ಅಳೆದುಕೊಂಡು ಇತರರಿಗೆ ಕೊಡುವಾಗ ಕಡಿಮೆ ಮಾಡುವವರ ವಿನಾಶದ ಕುರಿತು ಕುರ್‌ಆನಿನಲ್ಲಿ ಒಂದು ಅಧ್ಯಾಯವೇ ಇದೆ. ತಕ್ಕಡಿ ಹಿಡಿದ ಅಂಗಡಿಯವನಿಗೆ ಮಾತ್ರ ಆ ಎಚ್ಚರಿಕೆ ಎಂದು ಭಾವಿಸಬಾರದು.

ಮೂರನೆಯದು ಹೆಸರು ಕೆಡಿಸುವುದು. ಬಿಟ್ಟುಹೋದವನ ಕುರಿತು ಇತರ ಮಾಲಿಕರ ಬಳಿ, “ಅವನ ಕೈ ಶುದ್ಧ ಇಲ್ಲ” ಎಂದು ಒಂದು ಮಾತು ಹಾರಿಸಿದರೆ ಸಾಕು, ಸಣ್ಣ ಊರಿನಲ್ಲಿ ಅವನಿಗೆ ಬಾಗಿಲುಗಳು ಮುಚ್ಚುತ್ತವೆ. ಆ ಮಾತು ಸುಳ್ಳಾಗಿದ್ದರೆ ಅದು ಅಪವಾದ, ನಿಜವಾಗಿದ್ದು ಅನಗತ್ಯವಾಗಿ ಆಡಿದ್ದರೆ ಪರದೂಷಣೆ. ಒಬ್ಬನ ಅನ್ನದ ಮೇಲೆ ಬೀಳುವ ಪರದೂಷಣೆ ಇನ್ನೂ ಘೋರ.

ಮದ್‌ಯನ್‌ನ ಒಪ್ಪಂದ

ಕುರ್‌ಆನಿನ ‘ಅಲ್ ಕಸಸ್’ ಅಧ್ಯಾಯದಲ್ಲಿ ಕೂಲಿಯ ಒಪ್ಪಂದವೊಂದರ ಚಿತ್ರವಿದೆ. ನಾವು ಅದನ್ನು ಮೂಸಾ(ಅ)ರ ಕಥೆಯೆಂದು ಓದಿ ಮುಂದೆ ಹೋಗುತ್ತೇವೆ; ಮಾಲಿಕ ಮತ್ತು ಕೆಲಸಗಾರನ ಪಾಠವಾಗಿ ಓದುವುದು ಕಡಿಮೆ.

ಮೂಸಾ(ಅ) ಈಜಿಪ್ಟಿನಿಂದ ತಪ್ಪಿಸಿಕೊಂಡು ಮದ್‌ಯನ್‌ಗೆ ಬಂದರು. ನೀರಿನ ಬಳಿ ಇಬ್ಬರು ಸ್ತ್ರೀಯರ ಹಿಂಡಿಗೆ ನೀರು ಕುಡಿಸಿ ನೆರವಾದರು. ಆ ಇಬ್ಬರಲ್ಲಿ ಒಬ್ಬಾಕೆ ತನ್ನ ತಂದೆಯೊಡನೆ ಅವರನ್ನು ಕೆಲಸಕ್ಕಿಟ್ಟುಕೊಳ್ಳಲು ಹೇಳಿ, ಬಲವೂ ವಿಶ್ವಾಸಾರ್ಹತೆಯೂ ಉಳ್ಳವನೇ ಒಳ್ಳೆಯ ಕೆಲಸಗಾರನೆಂದು ಕಾರಣವನ್ನೂ ಕೊಟ್ಟಳು. ತಂದೆ ಏನು ಮಾಡಿದರು? ಅಪರಿಚಿತ, ಅನಾಥ, ತಲೆಮರೆಸಿಕೊಂಡು ಬಂದವನೆಂದು ಅಗ್ಗಕ್ಕೆ ದುಡಿಸಿಕೊಳ್ಳಲಿಲ್ಲ. ಎಂಟು ವರ್ಷವೆಂದು ಅವಧಿಯನ್ನು ಹೇಳಿದರು. ಹತ್ತು ಪೂರ್ತಿ ಮಾಡುವುದು ಮೂಸಾ(ಅ)ರ ಇಷ್ಟಕ್ಕೆ ಬಿಟ್ಟದ್ದೆಂದರು. ಪ್ರತಿಫಲವನ್ನು ಮೊದಲೇ ಸ್ಪಷ್ಟಪಡಿಸಿದರು. ತಾನು ಕಷ್ಟ ಕೊಡಲು ಬಯಸುವುದಿಲ್ಲವೆಂದೂ ಮಾತು ಕೊಟ್ಟರು. ಮೂಸಾ(ಅ) ಕೂಡಾ ಎರಡರಲ್ಲಿ ಯಾವ ಅವಧಿ ಪೂರೈಸಿದರೂ ತನ್ನ ಮೇಲೆ ಒತ್ತಾಯ ಇರಬಾರದೆಂದು ಹೇಳಿ, ಅಲ್ಲಾಹನನ್ನು ಸಾಕ್ಷಿಯಾಗಿಸಿಕೊಂಡರು.

ಇದರಲ್ಲಿ ನಾಲ್ಕು ವಿಷಯಗಳಿವೆ: ಸ್ಪಷ್ಟವಾದ ಅವಧಿ, ಸ್ಪಷ್ಟವಾದ ಪ್ರತಿಫಲ, ಮಿತಿಮೀರಿ ಹೊರಿಸದ ಹೊರೆ, ಅವಧಿಯ ನಂತರದ ಸ್ವಾತಂತ್ರ್ಯ. ಅವಧಿ ಮುಗಿದ ಮೇಲೆ ಮೂಸಾ(ಅ) ತಮ್ಮ ಕುಟುಂಬದೊಡನೆ ಹೊರಟರೆಂದು ಕುರ್‌ಆನ್ ಹೇಳುತ್ತದೆ. ಅಷ್ಟು ವರ್ಷಗಳ ನಂಬಿಗಸ್ತ ಕೆಲಸಗಾರ, ಮೇಲಾಗಿ ಮಗಳ ಗಂಡ! ಆದರೂ ಅವರಿಗೆ ಅಡ್ಡಿಯಾದ ಮಾತು ಅಲ್ಲಿಲ್ಲ. ಅವರು ಹೊರಟ ದಾರಿಯಲ್ಲಿಯೇ ತೂರ್ ಪರ್ವತದ ಬೆಂಕಿ ಕಂಡದ್ದು, ಪ್ರವಾದಿತ್ವ ದೊರೆತದ್ದು. ನಮ್ಮಲ್ಲಿಂದ ಹೊರಡುವ ಹುಡುಗನಿಗಾಗಿ ಅಲ್ಲಾಹನು ಯಾವ ದಾರಿ ಸಿದ್ಧಪಡಿಸಿದ್ದಾನೆಂದು ನಮಗೆ ತಿಳಿಯದು.

ಉಪ್ಪಿನ ಋಣ

“ಹಾಗಾದರೆ ಕಲಿಸಿದ ಉಸ್ತಾದನಿಗೆ ಏನೂ ಹಕ್ಕಿಲ್ಲವೇ? ಉಪ್ಪಿನ ಋಣ ಎಂಬುದಿಲ್ಲವೇ?” ಇದು ಯೋಗ್ಯವಾದ ಪ್ರಶ್ನೆ.

‘ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ’ ಎಂಬುದು ಕನ್ನಡದ ಗಾದೆ. ಗಾದೆ ನೆನೆಯಬೇಕೆಂದಿದೆ, ಅಲ್ಲೇ ಇರಬೇಕೆಂದಿಲ್ಲ. ಕೃತಜ್ಞತೆ ಒಂದು, ದಾಸ್ಯ ಇನ್ನೊಂದು. ಮಾಲಿಕ ಕಲಿಸಿದ್ದು ನಿಜ. ಹುಡುಗ ಕೆಡಿಸಿದ ಬೋಲ್ಟು, ಮುರಿದ ಫಿನ್ನು, ಸಿಟ್ಟಾದ ಗಿರಾಕಿ ಎಲ್ಲವನ್ನೂ ಅವನೇ ಸಹಿಸಿದ್ದಾನೆ. ಆದರೆ ಅದೇ ವರ್ಷಗಳಲ್ಲಿ ಆ ಹುಡುಗ ಬೆಳಿಗ್ಗೆ ಷಟರ್ ಎತ್ತಿದ್ದಾನೆ, ಸೀಮೆಎಣ್ಣೆಯಲ್ಲಿ ಪಾರ್ಟು ತೊಳೆದಿದ್ದಾನೆ, ದೊಡ್ಡವರ ಕೆಲಸವನ್ನು ಚಿಕ್ಕ ಕೂಲಿಗೆ ಮಾಡಿದ್ದಾನೆ. ಲೆಕ್ಕ ಬರೆದರೆ ಎರಡು ಕಡೆಯೂ ಬರೆಯಬೇಕು. ಹಾಗೆ ಬರೆದರೆ ಹಣದ ಬಾಕಿ ಸಾಮಾನ್ಯವಾಗಿ ಕಲಿಕೆಯ ವರ್ಷಗಳಲ್ಲಿಯೇ ಚುಕ್ತಾ ಆಗಿರುತ್ತದೆ. ಅನಂತರ ಉಳಿಯುವುದು ಪ್ರೀತಿ, ಗೌರವ, ದುಆ. ಇವುಗಳನ್ನು ಕೇಳಿ ವಸೂಲು ಮಾಡಲಾಗುವುದಿಲ್ಲ. ಒಳ್ಳೆಯವನು ತಾನಾಗಿ ಕೊಡುತ್ತಾನೆ.

ಹಾಗೆಂದು ಕೊಟ್ಟ ಮಾತಿಗೆ ಬೆಲೆಯಿಲ್ಲವೆಂದು ಅರ್ಥವಲ್ಲ. ಮಾಲಿಕ ಹಣ ಖರ್ಚು ಮಾಡಿ ಹುಡುಗನನ್ನು ತರಬೇತಿಗೆ ಕಳುಹಿಸಿ, ಎರಡು ವರ್ಷ ಇರಬೇಕೆಂದು ಇಬ್ಬರೂ ಮನಸಾರೆ ಒಪ್ಪಿದ್ದರೆ ಆ ಎರಡು ವರ್ಷ ಪೂರೈಸುವುದು ಕಡ್ಡಾಯ. ಒಪ್ಪಂದಗಳನ್ನು ಪೂರ್ತಿಗೊಳಿಸುವುದು ಸತ್ಯವಿಶ್ವಾಸಿಗಳಿಗೆ ಅಲ್ಲಾಹನು ಕೊಟ್ಟ ಆದೇಶ.

ಉಳಿಸುವುದು ಯಾವುದು?

ಹಗ್ಗ ಬೇಡವೆಂದಾದರೆ ಒಳ್ಳೆಯ ಕೆಲಸಗಾರ ಉಳಿಯುವುದು ಹೇಗೆ?

1. ಕೂಲಿ ಸ್ಪಷ್ಟವಾಗಿರಲಿ, ಸಮಯಕ್ಕೆ ಸಿಗಲಿ. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂಬ ಪ್ರವಾದಿ(ಸ)ರ ಬೋಧನೆ ಎಲ್ಲರಿಗೂ ಬಾಯಿಪಾಠ. ಕೆಲಸ ಪೂರ್ತಿ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಪರಲೋಕದಲ್ಲಿ ಅಲ್ಲಾಹನೇ ಪ್ರತಿವಾದಿಯಾಗುವನೆಂದು ಬುಖಾರಿಯ ಹದೀಸಿನಲ್ಲಿದೆ. “ನಮ್ಮದು ಸಣ್ಣ ಅಂಗಡಿ. ರೈತರು ಉದ್ದರಿ ಹೇಳುತ್ತಾರೆ, ಕಬ್ಬಿನ ಬಿಲ್ಲು ಬಂದಾಗ ಕೊಡುತ್ತಾರೆ” ಎಂದು ಮಾಲಿಕರು ಹೇಳುವುದುಂಟು. ಮಂಡ್ಯ ಜಿಲ್ಲೆಯಲ್ಲಿ ಇದು ಸುಳ್ಳಲ್ಲ. ಕಬ್ಬು ಪೂರೈಸಿದ 14 ದಿನಗಳೊಳಗೆ ಹಣ ಕೊಡಬೇಕೆಂದು 1966ರ ಆದೇಶ ಹೇಳಿದರೂ ಬಿಲ್ಲಿಗಾಗಿ ಕಾಯುವ ಕಷ್ಟ ಇಲ್ಲಿನ ರೈತನಿಗೆ ಹೊಸದೇನಲ್ಲ. ಆದರೆ ಉದ್ದರಿ ಕೊಡುವ ತೀರ್ಮಾನ ಮಾಲಿಕನದು, ಅದರ ಲಾಭವೂ ಅವನದು. ಹಾಗಿರುವಾಗ ಅದರ ಭಾರವನ್ನು ಮಾತ್ರ ಕೆಲಸಗಾರನ ಮಕ್ಕಳ ಹಾಲಿನ ಮೇಲೆ ಹೊರಿಸುವುದು ಸರಿಯಲ್ಲ. ದಿನದ ಗಲ್ಲದಿಂದ ಮೊದಲು ಕೂಲಿಯನ್ನು ಬೇರೆ ತೆಗೆದಿಟ್ಟು, ಉಳಿದುದರಲ್ಲಿ ಎಷ್ಟು ಉದ್ದರಿ ಕೊಡಬಹುದೆಂದು ನೋಡಬೇಕು.

2. ನಾಲಗೆ ಹಿಡಿತದಲ್ಲಿರಲಿ. ಗ್ಯಾರೇಜಿನಲ್ಲಿ ಪಾನಾ ಕೆಳಗೆ ಬಿದ್ದರೂ ತಾಯಿಯನ್ನು ಹಿಡಿದು ಬಯ್ಯುವ ದುರಭ್ಯಾಸವಿದೆ. ಅಬೂ ದರ್ರ್(ರ) ಒಮ್ಮೆ ಒಬ್ಬ ವ್ಯಕ್ತಿಯನ್ನು ಅವನ ತಾಯಿಯ ಹೆಸರೆತ್ತಿ ಹೀಯಾಳಿಸಿದಾಗ, ಅವರಲ್ಲಿ ಇನ್ನೂ ಅಜ್ಞಾನ ಕಾಲದ ಗುಣ ಉಳಿದಿದೆಯೆಂದು ಪ್ರವಾದಿ(ಸ)ರು ಎಚ್ಚರಿಸಿದರು. ಕೈಕೆಳಗಿನವರು ನಿಮ್ಮ ಸಹೋದರರೇ, ಶಕ್ತಿಮೀರಿದ ಕೆಲಸ ಹೊರಿಸಬೇಡಿ, ಹೊರಿಸಿದರೆ ನೀವೂ ಕೈ ಹಚ್ಚಿ ಎಂಬ ಆಶಯದ ಬೋಧನೆ ಬಂದದ್ದು ಆ ಸಂದರ್ಭದಲ್ಲಿಯೇ. ಅನಸ್(ರ) ಹತ್ತು ವರ್ಷ ಪ್ರವಾದಿ(ಸ)ರ ಸೇವೆಯಲ್ಲಿದ್ದರು. ಆ ಹತ್ತು ವರ್ಷಗಳಲ್ಲಿ ಪ್ರವಾದಿ(ಸ)ರು ತಮ್ಮ ಮೇಲೆ ಬೇಸರದ ಒಂದು ಉದ್ಗಾರವನ್ನೂ ತೆಗೆಯಲಿಲ್ಲವೆಂದು ಅವರು ಸಾಕ್ಷಿ ನುಡಿದಿದ್ದಾರೆ. ಒಂದು ದಿನ ಹಾಗಿರಲು ಪ್ರಯತ್ನಿಸಿ ನೋಡಿದರೆ ಅದರ ಮಹತ್ವ ತಿಳಿಯುತ್ತದೆ.

3. ಮೋಸಕ್ಕೆ ಹಚ್ಚಬಾರದು. ಚೆನ್ನಾಗಿರುವ ಕ್ಲಚ್ ಪ್ಲೇಟನ್ನು ಹೋಗಿದೆಯೆಂದು ಹೇಳಿಸುವ, ಹಳೆಯ ಪಾರ್ಟು ತೊಳೆದು ಹೊಸದೆಂದು ಹಾಕಿಸುವ ಮಾಲಿಕ ತನ್ನ ಹುಡುಗನಿಗೆ ಮೋಸದ ಪಾಠ ಹೇಳಿಕೊಡುತ್ತಿದ್ದಾನೆ. ಗಿರಾಕಿಗೆ ಮಾಡಲು ಕಲಿತದ್ದನ್ನು ಅವನು ನಾಳೆ ಮಾಲಿಕನಿಗೂ ಮಾಡುತ್ತಾನೆ. ಆತ್ಮಗೌರವವುಳ್ಳ ಮೆಕ್ಯಾನಿಕ್ ಇಂತಹ ಅಂಗಡಿಯಲ್ಲಿ ನಿಲ್ಲುವುದೂ ಇಲ್ಲ. ಒಳ್ಳೆಯವರು ಹೋಗಿ, ಅಂತಹವರೇ ಉಳಿಯುತ್ತಾರೆ.

4. ಬೆಳೆಯುವ ದಾರಿಯಿರಲಿ. ಹತ್ತು ವರ್ಷ ದುಡಿದವನಿಗೂ ನಿನ್ನೆ ಬಂದವನಿಗೂ ಇರುವ ಅಂತರ ಬರಿಯ ನೂರು ರೂಪಾಯಿಯಾದರೆ ಅವನೇಕೆ ಇರಬೇಕು? ಹೊಸ ಯಂತ್ರಗಳ ತರಬೇತಿ ಕೊಡಿಸಬಹುದು. ಲಾಭದಲ್ಲಿ ಇಂತಿಷ್ಟೆಂದು ಪಾಲು ಗೊತ್ತುಪಡಿಸಬಹುದು. ಒಬ್ಬನ ಬಂಡವಾಳ ಮತ್ತು ಇನ್ನೊಬ್ಬನ ದುಡಿಮೆ ಸೇರಿ ಲಾಭ ಹಂಚಿಕೊಳ್ಳುವ ಪದ್ಧತಿ ಇಸ್ಲಾಮಿನಲ್ಲಿ ಮೊದಲಿನಿಂದಲೂ ಇದೆ. ಇಂದು ಪಾಲುದಾರನಾದವನು ನಾಳೆ ಎದುರು ಅಂಗಡಿ ಇಡುವ ಸಂಭವ ಕಡಿಮೆ.

5. ಕಾಯಿಲೆ, ಅಪಘಾತಗಳ ಯೋಚನೆಯಿರಲಿ. ಇ.ಎಸ್.ಐ. ಸೌಲಭ್ಯಕ್ಕೆ ಹತ್ತು ಮಂದಿ ಕೆಲಸಗಾರರಿರಬೇಕು. ನಾಲ್ಕು ಜನರ ಗ್ಯಾರೇಜು ಅದರ ಹೊರಗುಳಿಯುತ್ತದೆ. ಕಾನೂನಿನ ಹೊರಗುಳಿದ ಮಾತ್ರಕ್ಕೆ ಅಲ್ಲಾಹನ ವಿಚಾರಣೆಯ ಹೊರಗುಳಿಯಲಾಗುವುದಿಲ್ಲ. ಜಾಕ್ ಜಾರಿ ಬೆರಳು ಹೋದವನನ್ನು ಒಂದು ವಾರದ ಕೂಲಿ ಕೊಟ್ಟು ಮನೆಗೆ ಕಳುಹಿಸಿದರೆ ಹೊಣೆ ತೀರಿತೇ? ಮೋಟಾರು ಸಾರಿಗೆ ಮತ್ತು ಅದಕ್ಕೆ ಸಂಬಂಧಿಸಿದ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕದಲ್ಲಿ 2024ರಲ್ಲಿ ಕಾನೂನು ಬಂದಿದೆ. ಗ್ಯಾರೇಜಿನ ಕೆಲಸಗಾರರೂ ಅದರ ವ್ಯಾಪ್ತಿಗೆ ಸೇರುತ್ತಾರೆ. ಕಾರ್ಮಿಕ ಇಲಾಖೆಗೆ ಹುಡುಗರನ್ನು ಕರೆದುಕೊಂಡು ಹೋಗಿ ಹೆಸರು ನೋಂದಾಯಿಸಿಕೊಡುವುದಕ್ಕೆ ಮಾಲಿಕನಿಗೆ ಅರ್ಧ ದಿನ ಸಾಕು.

ಕೆಲಸಗಾರನ ಹೊಣೆ

ನ್ಯಾಯ ಒಂದೇ ಕಡೆಗೆ ತೂಗುವುದಿಲ್ಲ. ಇಂಜಿನ್ ಬಿಚ್ಚಿ ಹಾಕಿ, ಹೇಳದೆ ಕೇಳದೆ ಕೆಲಸ ಬಿಡುವುದು, ಅಂಗಡಿಯ ಗಿರಾಕಿಯ ಫೋನ್ ನಂಬರ್ ಬರೆದುಕೊಂಡು ರಾತ್ರಿ ಮನೆಯಲ್ಲಿ ರಿಪೇರಿ ಮಾಡಿಕೊಡುವುದು, ಸ್ಪೇರ್ ಪಾರ್ಟ್ಸ್ ಅಂಗಡಿಯವನಿಂದ ಮಾಲಿಕನಿಗೆ ತಿಳಿಯದಂತೆ ಕಮಿಷನ್ ಪಡೆಯುವುದು – ಇವೆಲ್ಲವೂ ಅಮಾನತ್ತಿನ ವಂಚನೆ. ಮದ್‌ಯನ್‌ನ ಆ ಹೆಣ್ಣುಮಗಳು ಹೇಳಿದ ಎರಡು ಗುಣಗಳಲ್ಲಿ ಬಲ, ಅಂದರೆ ಕೈಚಳಕ ಒಂದು ಅರ್ಧ. ವಿಶ್ವಾಸಾರ್ಹತೆ ಇನ್ನೊಂದು ಅರ್ಧ. ಅರ್ಧ ಗುಣಕ್ಕೆ ಪೂರ್ತಿ ಕೂಲಿ ಕೇಳುವುದು ನ್ಯಾಯವಲ್ಲ.

ನಮ್ಮ ನಾಡಿನ ಶರಣರ ಪರಂಪರೆಯಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ಪ್ರಸಿದ್ಧವಾಗಿದೆ. ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಗಂಡನನ್ನು ಆಕೆ ಎಚ್ಚರಿಸಿ ಹಿಂದಕ್ಕೆ ಕಳುಹಿಸಿದರು. ತನಗೆ ಸಲ್ಲದ್ದು ಮನೆಯೊಳಗೆ ಬರಬಾರದೆಂಬ ಈ ಎಚ್ಚರ ಹಲಾಲ್ ಜೀವನದ ಎಚ್ಚರಕ್ಕೆ ಎಷ್ಟು ಹತ್ತಿರದ್ದು!

ಮನೆಯವರ ಪಾಲು

ಈ ವಿಷಯ ಗಂಡಸರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಮಾಲಿಕರ ಮನೆಯ ಸಹೋದರಿಯರು ಬಟವಾಡೆಯ ರಾತ್ರಿ ಗಂಡನೊಡನೆ “ಎಷ್ಟು ಉಳಿಯಿತು?” ಎಂದು ಕೇಳುವ ಮೊದಲು “ಹುಡುಗರಿಗೆ ಕೊಟ್ಟಿರಾ?” ಎಂದು ಕೇಳಲಿ. ಉಮ್ರಾಕ್ಕೆ ಹೊರಡುವ ಮುನ್ನ ಕೆಲಸಗಾರರ ಬಾಕಿ ಚುಕ್ತಾ ಆಗಿದೆಯೇ ಎಂದು ವಿಚಾರಿಸಲಿ. ನಮಾಝು, ಉಪವಾಸ, ಝಕಾತ್‌ಗಳೊಂದಿಗೆ ಬಂದರೂ, ಜನರನ್ನು ಬೈದು, ಅವರ ಸೊತ್ತು ತಿಂದ ಕಾರಣ ಎಲ್ಲ ಪುಣ್ಯವನ್ನೂ ಅವರಿಗೆ ಹಂಚಿ ಬರಿಗೈಯಾಗುವವನೇ ನಿಜವಾದ ದಿವಾಳಿಯೆಂದು ಪ್ರವಾದಿ(ಸ)ರು ತಿಳಿಸಿದ್ದಾರೆ.

ಹೆತ್ತವರಿಗೂ ಒಂದು ಮಾತು. ಶಾಲೆ ತಲೆಗೆ ಹತ್ತದೆಂದು ಹನ್ನೆರಡು ವರ್ಷದ ಮಗನನ್ನು ಗ್ಯಾರೇಜಿಗೆ ಬಿಡುವ ರೂಢಿ ಇನ್ನಾದರೂ ನಿಲ್ಲಲಿ. ಹದಿನಾಲ್ಕು ತುಂಬದ ಮಕ್ಕಳನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳಬಾರದು, ಹದಿನೆಂಟರ ಒಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚಬಾರದು ಎಂದು 2016ರಲ್ಲಿ ತಿದ್ದುಪಡಿಯಾದ ಕಾನೂನು ಹೇಳುತ್ತದೆ. ಕಾನೂನಿನ ಮಾತು ಹಾಗಿರಲಿ, ಇಂದಿನ ವಾಹನವನ್ನು ದುರಸ್ತಿ ಮಾಡಲು ಓದು ಬೇಕು. ಹತ್ತನೆಯ ತರಗತಿ, ಅನಂತರ ಐ.ಟಿ.ಐ. ಮುಗಿಸಿ ಬಂದ ಹುಡುಗ ಪಾನಾವನ್ನೂ ಹಿಡಿಯಬಲ್ಲ, ಸ್ಕ್ಯಾನರನ್ನೂ ಓದಬಲ್ಲ. ಅವನನ್ನು ಯಾರೂ ಅಡ್ವಾನ್ಸಿನ ಹಗ್ಗದಲ್ಲಿ ಕಟ್ಟಿಹಾಕಲಾರರು.

ಹೋಗುವವನನ್ನು ಕಳುಹಿಸುವ ಬಗೆ

ಇಷ್ಟೆಲ್ಲ ಮಾಡಿದ ಮೇಲೂ ಕೆಲವರು ಹೋಗುತ್ತಾರೆ. ಬೆಂಗಳೂರಿಗೆ, ಮೈಸೂರಿಗೆ, ಕೊಲ್ಲಿ ದೇಶಗಳಿಗೆ ಹೋಗುತ್ತಾರೆ. ಮಾಲಿಕನ ಈಮಾನ್ ನಿಜವಾಗಿ ಪರೀಕ್ಷೆಗೊಳಗಾಗುವುದು ಆ ದಿನ. ಜೀವನಾಧಾರ ಕೊಡುವವನು ಅಲ್ಲಾಹನೆಂದು ದಿನವೂ ಹೇಳುತ್ತೇವೆ. ಹಾಗಿದ್ದ ಮೇಲೆ ಒಬ್ಬ ಮೆಕ್ಯಾನಿಕ್ ಹೊರಟರೆ ಅನ್ನವೇ ಹೊರಟಂತೆ ಏಕೆ ಕಂಗೆಡಬೇಕು? ಗುಹೆಯಲ್ಲಿ ಸಿಲುಕಿದ ಮೂವರ ಹದೀಸಿನಲ್ಲಿ ಒಬ್ಬನ ಪುಣ್ಯಕಾರ್ಯ ಯಾವುದಾಗಿತ್ತೆಂದು ನೆನಪಿಸಿಕೊಳ್ಳಿರಿ. ಕೂಲಿ ಪಡೆಯದೆ ಹೊರಟುಹೋದ ಕೆಲಸಗಾರನ ಪಾಲನ್ನು ಅವನು ಜೋಪಾನ ಮಾಡಿ, ದುಡಿಸಿ, ಜಾನುವಾರುಗಳ ಹಿಂಡಾಗಿ ಬೆಳೆಸಿದ್ದನು. ಬಹು ಕಾಲದ ನಂತರ ಆ ಕೆಲಸಗಾರ ಬಂದು ಕೇಳಿದಾಗ ಎಲ್ಲವನ್ನೂ ಒಪ್ಪಿಸಿದನು. ಗುಹೆಯ ಬಾಯಿಯ ಬಂಡೆ ಸರಿದ ಕರ್ಮಗಳಲ್ಲಿ ಇದೂ ಒಂದು.

ಆದುದರಿಂದ ಹೊರಡುವವನ ಲೆಕ್ಕವನ್ನು ಅದೇ ದಿನ ಚುಕ್ತಾ ಮಾಡಿರಿ. ದುಡಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳವನ್ನು ಗ್ರಾಚ್ಯುಯಿಟಿಯಾಗಿ ದೊಡ್ಡ ಸಂಸ್ಥೆಗಳು ಕೊಡಬೇಕೆಂದು ಕಾನೂನಿದೆ. ಸಣ್ಣ ಅಂಗಡಿಯವರು ಅಷ್ಟಲ್ಲದಿದ್ದರೂ ಶಕ್ತಿಯಿದ್ದಷ್ಟು ಕೊಟ್ಟರೆ ಅದು ಇಹ್ಸಾನ್. ಅವನ ಕೆಲಸದ ಕುರಿತು ನಾಲ್ಕು ಒಳ್ಳೆಯ ಮಾತು ಹೇಳಿ, ಸಲಾಮ್ ಹೇಳಿ ಕಳುಹಿಸಿರಿ. ಉಳಿದ ಹುಡುಗರು ಅದನ್ನು ನೋಡುತ್ತಿರುತ್ತಾರೆ. ಹೋಗುವವನೊಡನೆ ಮಾಲಿಕ ಹೇಗೆ ನಡೆದುಕೊಂಡನೆಂಬುದನ್ನು ನೋಡಿಯೇ ಇರುವವರು ಇರಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ.

ದುಡಿಸುವವರಿಗೆ ನ್ಯಾಯದ ಮನಸ್ಸನ್ನೂ ದುಡಿಯುವವರಿಗೆ ಪ್ರಾಮಾಣಿಕತೆಯನ್ನೂ ಅಲ್ಲಾಹನು ಕರುಣಿಸಲಿ. ಎರಡೂ ಕೈಗಳ ಸಂಪಾದನೆಯಲ್ಲಿ ಬರಕತ್ ನೀಡಲಿ. ಆಮೀನ್.